ಎದೆ ಓಡುತ್ತಿರುವಾಗಲೇ

ನಮ್ಮ ಗುಡ್ಡದ ಮೇಲೆ ಮೊಬೈಲ್ ಟವರು ಇನ್ನೂ ಎದ್ದಿರದ ಆ ದಿನಗಳಲ್ಲಿ, ಕಾಫಿ ಕುಯ್ಲು ಶುರುವಾಯಿತೆಂದರೆ ಮನೆಯಲ್ಲಿ ಕಾಯಿಲೆ ಬೀಳುವುದಕ್ಕೂ ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ. ಮೂಡಿಗೆರೆಯಿಂದ ದೇವರಮನೆ ಗುಡ್ಡದ ಕಡೆಗೆ ಹತ್ತುವ ದಾರಿಯಲ್ಲಿ, ಡಾಂಬರು ಮುಗಿದು, ಜಲ್ಲಿಯೂ ಮುಗಿದು, ಬರೀ ಕೆಮ್ಮಣ್ಣು ಉಳಿಯುವ ಕಡೆ ನಮ್ಮ ಮನೆಯಿತ್ತು. ದೊಡ್ಡ ಎಸ್ಟೇಟಿನವರ ಕಣ್ಣಿಗೆ ನಮ್ಮದು ತೋಟವೆನಿಸುವಷ್ಟೂ ಇರಲಿಲ್ಲ. ಕೂಲಿಗೆ ಬರುವ ಹೆಂಗಸರ ಜೊತೆಗೆ ಅವ್ವ, ಅಕ್ಕ, ಶಾಲೆಗೆ ರಜೆಯಿದ್ದ ದಿನ ನಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯುತ್ತಿದ್ದೆವು.

ಆ ಕಾಲಕ್ಕೆ ಅದರದೇ ವಾಸನೆಗಳಿದ್ದವು. ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹಿಂದೆ ರಾಶಿಬಿದ್ದ ಸಿಪ್ಪೆ ಹುಳಿತು ಬರುವ ಘಾಟು ಮೂಗಿಗೆ ಅಡರುತ್ತಿತ್ತು. ಸಿಪ್ಪೆ ಬಿಡಿಸಿ ತೊಳೆದ ಬೀಜಕ್ಕೆ ನಮ್ಮಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಾರೆ. ಕಣದಲ್ಲಿ ಹರಡಿದ ಅದು ಬಿಸಿಲಿಗೆ ಒಣಹುಲ್ಲಿನಂತೆ ಕಮ್ಮಗೆ ಘಮಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಿಡದ ಬುಡದಲ್ಲೇ ಬುತ್ತಿ ಬಿಚ್ಚಿದರೆ ತಣ್ಣಗಾದ ಅಕ್ಕಿ ರೊಟ್ಟಿ, ಒಣಮೀನಿನ ಚಟ್ನಿ. ಮಾಗಿದ ಹಣ್ಣನ್ನು ಬಾಯಿಗೆ ಹಿಂಡಿ, ಸಿಹಿ ಹೀರಿ, ಬೀಜವನ್ನು ಯಾರು ಹೆಚ್ಚು ದೂರ ಉಗುಳುತ್ತಾರೆಂಬುದು ನಮ್ಮ ಆಟ. ಆ ಆಟದಲ್ಲಿ ಯಾವಾಗಲೂ ಗೆಲ್ಲುತ್ತಿದ್ದವಳು ಸವಿತಕ್ಕ.

ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಐದನೆಯ ತರಗತಿಯಲ್ಲಿದ್ದ ಆ ವರ್ಷ ಅವಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿರಬೇಕಿತ್ತು. ಓದುತ್ತಿರಲಿಲ್ಲ. ಮೊದಲ ವರ್ಷದ ನಡುವೆಯೇ ಅಪ್ಪ ಅವಳನ್ನು ಪೆಟ್ಟಿಗೆ, ಹಾಸಿಗೆಯ ಸಮೇತ ಮನೆಗೆ ಕರೆತಂದಿದ್ದರು. ಏಕೆಂದರೆ ಆಗಾಗ ಅವಳ ಎದೆ ಓಡುತ್ತಿತ್ತು.

"ಎದೆ ಓಡ್ತದೆ" ಎಂದೇ ಅವಳು ಹೇಳುತ್ತಿದ್ದುದು. ಬೇರೆ ಮಾತು ಅವಳಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಕ್ಕಿ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ಮೊರ ಕೆಳಗಿಡುತ್ತಿದ್ದಳು. ಮುಖ ಬಿಳುಚಿಕೊಳ್ಳುತ್ತಿತ್ತು. ಕುತ್ತಿಗೆಯ ಬುಡದಲ್ಲಿ ಏನೋ ಪಟಪಟ ಬಡಿಯುವುದು ಎದುರು ಕೂತ ನನಗೇ ಕಾಣುತ್ತಿತ್ತು. ಸ್ವಲ್ಪ ಹೊತ್ತು ಹಾಗಿದ್ದು, ಬಂದಷ್ಟೇ ಥಟ್ಟನೆ ನಿಂತುಹೋಗುತ್ತಿತ್ತು. ಅವಳು ಮತ್ತೆ ಮೊರ ಎತ್ತಿಕೊಳ್ಳುತ್ತಿದ್ದಳು.

ಅಜ್ಜಿ ಅದಕ್ಕೆ ಹೆದರಿಕೆ ಎಂದು ಹೆಸರಿಟ್ಟಿದ್ದರು. ಹೆದರಿಕೆ ಹೊಕ್ಕವರಿಗೆ ನಮ್ಮ ಕಡೆ ಒಂದು ಉಪಚಾರವಿತ್ತು. ಗುಡ್ಡದ ಒರತೆಯ ನೀರನ್ನು ಸೀಳಿದ ಅಡಿಕೆಮರದ ದಬ್ಬೆಯಲ್ಲಿ ಹರಿಸಿ ಮನೆಯ ಹಿಂದೆ ಬೀಳುವಂತೆ ಮಾಡಿದ ಅಬ್ಬಿ ಎಲ್ಲರ ಮನೆಯಲ್ಲೂ ಇತ್ತು. ಹೆದರಿದವರನ್ನು ಆ ಅಬ್ಬಿಯ ಬಾಯಿಗೆ ಒಯ್ದು, ಹಿಂದಿನಿಂದ ತಲೆ ಹಿಡಿದು, ಕೊರೆಯುವ ನೀರಿಗೆ ಮುಖವೊಡ್ಡಿ ನಿಲ್ಲಿಸುವುದು. ಆಮೇಲೆ ಒಲೆಯ ಪಕ್ಕ ಕೂರಿಸಿ ಬೆಲ್ಲ ಹಾಕಿದ ಕಡು ಕಾಫಿ ಕುಡಿಸುವುದು. ಕಾಫಿಯ ನಾಡಿನಲ್ಲಿ ಸುಸ್ತಿಗೂ ಕಾಫಿ, ಸಂಕಟಕ್ಕೂ ಕಾಫಿ. ವಿಚಿತ್ರವೆಂದರೆ ಅಬ್ಬಿಯ ನೀರು ಮುಖಕ್ಕೆ ಹೊಡೆದಾಗ ಅಕ್ಕನ ಎದೆ ಎಷ್ಟೋ ಸಲ ನಿಜವಾಗಿಯೂ ಸರಿಹೋಗುತ್ತಿತ್ತು. "ನೋಡ್ದ್ಯಾ, ಹೆದರಿಕೆ ಬಿಡ್ತು" ಎಂದು ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದರು. ನೀರಿಗೆ ಬಿಟ್ಟಿತೆಂದ ಮೇಲೆ ಅದು ಹೆದರಿಕೆಯೇ ಎಂದು ಇಡೀ ಮನೆ ನಂಬಿತು.

ಪೇಟೆಯ ಡಾಕ್ಟರೊಬ್ಬರಿಗೂ ತೋರಿಸಿದ್ದುಂಟು. ಅಬ್ಬಿಯ ನೀರಿಗೆ ನಿಲ್ಲದಿದ್ದ ದಿನವೂ, ಮಣ್ಣುರಸ್ತೆ ಇಳಿದು, ಬಸ್ಸಿಗೆ ಕಾದು, ಪೇಟೆ ಮುಟ್ಟುವಷ್ಟರಲ್ಲಿ ಎದೆಯ ಓಟ ತನ್ನ ಪಾಡಿಗೆ ತಾನು ನಿಂತಿರುತ್ತಿತ್ತು. ಡಾಕ್ಟರು ನಾಡಿ ಹಿಡಿದು ನೋಡಿದರೆ ಏನೂ ಇಲ್ಲ. ಕೊನೆಯ ಸಲ ಅವರು ಅಕ್ಕನ ಕಡೆಗೆ ನೋಡಲೂ ಇಲ್ಲ, ಅಪ್ಪನಿಗೇ ಹೇಳಿದರು.

"ವಯಸ್ಸಿನ ಹುಡುಗಿ ಗೌಡ್ರೇ, ಗಾಬರಿ ಅಷ್ಟೆ. ಒಂದು ಮದುವೆ ಮಾಡಿ, ಎಲ್ಲ ಸರಿಹೋಗ್ತದೆ."

"ಎದೆ ಓಡೋದು ಸುಳ್ಳಲ್ಲ ಸಾರ್" ಎಂದಳು ಅಕ್ಕ.

"ಹಂಗಾದ್ರೆ ಓಡ್ತಾ ಇರುವಾಗಲೇ ಬಾರಮ್ಮ, ಹಿಡಿಯೋಣ" ಎಂದು ಡಾಕ್ಟರು ನಕ್ಕರು. ಅಪ್ಪನೂ ನಕ್ಕರು. ಅಕ್ಕ ನಗಲಿಲ್ಲ.

ಒಬ್ಬ ಹೆಣ್ಣುಮಗಳು ತನ್ನ ಮೈಯೊಳಗೆ ನಡೆಯುವುದನ್ನು ತಾನೇ ಹೇಳುತ್ತಿರುವಾಗ ಅದನ್ನು ಅವಳ ಸ್ವಭಾವವೆಂದು ತಿರುಗಿಸಿ ಹೇಳುವುದು ಅನ್ಯಾಯ. ಹಾಗೆ ಹೇಳಿದವರು ಓದಿದವರೆಂಬ ಕಾರಣಕ್ಕೆ ಆ ಅನ್ಯಾಯ ಚಿಕ್ಕದಾಗುವುದಿಲ್ಲ. ಗಂಡುಮಕ್ಕಳಿಗೆ ಹೀಗಾಗಿದ್ದರೆ ಹಾಸನಕ್ಕೋ ಮಂಗಳೂರಿಗೋ ಒಯ್ಯುತ್ತಿದ್ದರು. ಗಂಡುಹುಡುಗನ ಎದೆಗೆ ಗಾಬರಿ ಎಂಬ ರೋಗ ಬರುವುದನ್ನು ನಾನು ಈವರೆಗೆ ನಮ್ಮ ಊರಿನಲ್ಲಿ ಕೇಳಿಲ್ಲ. ಕಾಲೇಜು ಬಿಡಿಸಿದ್ದು ಅನ್ಯಾಯ. ಊರಿಗೆ ರಸ್ತೆಯಿಲ್ಲದ್ದು ಅನ್ಯಾಯ. ಇದರ ಜೊತೆಗೆ ಮನೆಯೊಳಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಹೆದರಿಕೆಯೆಂದರೆ ಮದುವೆಯಾದರೆ ಹೋಗುವಂಥದ್ದು, ಎದೆಯ ಕಾಯಿಲೆಯೆಂದರೆ ಮದುವೆಯೇ ಆಗದಂತೆ ಮಾಡುವಂಥದ್ದು. ಆದ್ದರಿಂದ ಅದು ಹೆದರಿಕೆಯೇ ಆಗಿರಲಿ ಎಂದು ಅಪ್ಪ, ಅವ್ವ ಇಬ್ಬರೂ ಒಳಗೊಳಗೇ ಬಯಸುತ್ತಿದ್ದರು. ಕಳಸದ ಕಡೆಯ ಒಂದು ಮನೆಯವರು ಕುಯ್ಲು ಮುಗಿದ ಕೂಡಲೇ ಹೆಣ್ಣು ನೋಡಲು ಬರುವವರಿದ್ದರು.

ಆ ದಿನ ಮಧ್ಯಾಹ್ನ ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಪಲ್ಪರಿನ ಎಂಜಿನ್ ಕೆಟ್ಟು ನಿಂತಿದ್ದರಿಂದ ಆಲ್ದೂರಿನ ಹಮೀದಣ್ಣ ತಮ್ಮ ಹಳೆಯ ಜೀಪಿನಲ್ಲಿ ಬಂದು, ಎಂಜಿನ್ನಿನ ಹೊಟ್ಟೆ ಬಿಚ್ಚಿ ಕೂತಿದ್ದರು. ಸುತ್ತಲ ಊರುಗಳ ಪಲ್ಪರು, ಪಂಪುಗಳಿಗೆಲ್ಲ ಅವರೇ ಮೆಕ್ಯಾನಿಕ್ಕು. ಕಾಲವಲ್ಲದ ಕಾಲದಲ್ಲಿ ದೇವರಮನೆಯ ಹುಲ್ಲುಗುಡ್ಡದ ಹಿಂದಿನಿಂದ ಮೋಡ ಎದ್ದಿತು.

ಒಣಗುವ ಕಾಫಿಗೆ ಮಳೆ ಬಿತ್ತೆಂದರೆ ಬೀಜ ಕಪ್ಪಾಗಿ ವರ್ಷದ ದುಡಿಮೆ ಹೋಯಿತೆಂದೇ ಅರ್ಥ. "ಟಾರ್ಪಾಲು! ಟಾರ್ಪಾಲು ತನ್ರೋ!" ಎಂದು ಅಪ್ಪ ಕಿರುಚಿದರು. ಎಲ್ಲರೂ ಕಣಕ್ಕೆ ಓಡಿದೆವು. ಹಲಗೆ ಹಿಡಿದು ಕಾಫಿಯನ್ನು ರಾಶಿ ಎಳೆಯುತ್ತಿದ್ದ ಅಕ್ಕ ನಡುವೆಯೇ ಹಲಗೆ ಬಿಟ್ಟು ಕುಕ್ಕರಿಸಿದಳು.

"ಏಯ್ ಸವಿತಾ, ಈಗ ಕೂರೋ ಹೊತ್ತಾ?" ಎಂದರು ಅಪ್ಪ.

"ಅಪ್ಪಾ, ಶುರುವಾಯ್ತು."

"ಎಂತದು ಶುರುವಾಯ್ತು? ಮಳೆ ಶುರುವಾಗ್ತಾ ಉಂಟಲ್ಲ ಮಾರಾಯ್ತಿ! ಅಬ್ಬಿಗೆ ಹೋಗಿ ಮುಖ ತೊಳ್ಕೊ ಹೋಗು!"

ಅಜ್ಜಿ ಬಂದು ಅವಳ ರಟ್ಟೆ ಹಿಡಿದರು. "ಬಾ ಮಗಾ, ನೀರು ಬಿದ್ರೆ ಬಿಡ್ತದೆ."

ಅಕ್ಕ ಎದ್ದಳು. ಆದರೆ ಅಬ್ಬಿಯ ಕಡೆಗೆ ತಿರುಗಲಿಲ್ಲ. "ಬೇಡಜ್ಜಿ. ನಿಲ್ಲೋದು ಬೇಡ."

"ಎಂತ ಹೇಳ್ತಿ ನೀನು?"

"ನಿಂತ್ರೆ ಮತ್ತೆ ಸುಳ್ಳಿ ಅಂತಾರೆ. ಓಡ್ತಾ ಇರುವಾಗ್ಲೇ ಬಾ ಅಂದಿದಾರೆ. ಈಗ ಓಡ್ತಾ ಉಂಟು. ನನ್ನ ಕರ್ಕೊಂಡು ಹೋಗಿ."

ಮೊದಲ ಹನಿಗಳು ಕಣದ ಸಿಮೆಂಟಿನ ಮೇಲೆ ಕಾಸಿನಗಲಕ್ಕೆ ಬಿದ್ದವು. ಅಪ್ಪ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಕಾಫಿಯನ್ನು ನೋಡಿದರು. ಅವರ ಎರಡು ಕೈಯಲ್ಲೂ ಟಾರ್ಪಾಲಿನ ಅಂಚಿತ್ತು. ಆ ಅಂಚನ್ನು ಅವರು ಬಿಡಲಿಲ್ಲ. ಇದನ್ನು ಬರೆಯುವಾಗ ಅವರ ಮೇಲೆ ನನಗೆ ಪ್ರೀತಿಯಿಲ್ಲವೆಂದು ಯಾರೂ ತಿಳಿಯಬಾರದು. ಆದರೆ ಬಿಡಲಿಲ್ಲವೆಂಬುದನ್ನು ಬರೆಯದೆ ಇರಲಾರೆ.

ಎಣ್ಣೆಗೈಯನ್ನು ಚಿಂದಿಯಲ್ಲಿ ಒರೆಸುತ್ತ ಬಂದವರು ಹಮೀದಣ್ಣ. ಅವರು ಅಕ್ಕನ ಕುತ್ತಿಗೆಯನ್ನೇ ನೋಡುತ್ತಿದ್ದರು. "ಗೌಡ್ರೇ, ಇದು ಹೆದರಿಕೆಯಂಗೆ ಕಾಣೋದಿಲ್ಲ. ನೀವು ಕಾಫಿ ನೋಡ್ಕೊಳ್ಳಿ, ಆಮೇಲೆ ಬೈಕಲ್ಲಿ ಬನ್ನಿ. ಅಮ್ಮಾ, ಹತ್ತಿ ಜೀಪು."

ಅವ್ವ ಉಟ್ಟ ಸೀರೆಯಲ್ಲೇ, ಕಾಲಿಗೆ ಚಪ್ಪಲಿಯೂ ಇಲ್ಲದೆ ಹತ್ತಿದಳು. ಯಾರೂ ಕರೆಯದಿದ್ದರೂ ನಾನು ಹಿಂದಿನ ಸೀಟಿಗೆ ನುಗ್ಗಿದೆ. ಅಜ್ಜಿ ಓಡಿಬಂದು ಕಿಟಕಿಯಲ್ಲಿ ಬೆಲ್ಲದ ಕಾಫಿಯ ಲೋಟ ಚಾಚಿದರು. ಅಕ್ಕ ತಲೆಯಾಡಿಸಿದಳು. ಲೋಟ ಅಜ್ಜಿಯ ಕೈಯಲ್ಲೇ ಉಳಿಯಿತು.

ಅನಂತರದ ದಾರಿಯನ್ನು ನಾನು ಎಷ್ಟು ಸಲ ನೆನೆದರೂ ಅದು ಅದೇ ಉದ್ದಕ್ಕಿದೆ. ಜೀಪು ಕೆಮ್ಮಣ್ಣಿನಲ್ಲಿ ಜಾರುತ್ತ ಇಳಿಯುತ್ತಿತ್ತು. ಅಕ್ಕ ನನ್ನ ಕೈಯನ್ನು ತೆಗೆದು ತನ್ನ ಮಣಿಕಟ್ಟಿನ ಮೇಲಿಟ್ಟುಕೊಂಡು, "ನಿಂತ್ರೆ ಹೇಳು" ಎಂದಿದ್ದಳು. ನನ್ನ ಬೆರಳಿನ ಕೆಳಗೆ ನಾಡಿ ಎಣಿಕೆಗೆ ಸಿಗದಂತೆ ಓಡುತ್ತಿತ್ತು. ಅದು ನಿಲ್ಲಲಿ ಎಂದು ಬೇಡಿಕೊಳ್ಳಬೇಕೋ, ನಿಲ್ಲದಿರಲಿ ಎಂದೋ? ನಿಂತರೆ ಅಕ್ಕ ಸುಳ್ಳಿಯಾಗುತ್ತಾಳೆ. ನಿಲ್ಲದಿದ್ದರೆ ಏನಾಗುತ್ತಾಳೆಂದು ನನಗೆ ತಿಳಿಯದು. ನಾನು ನಿಲ್ಲದಿರಲಿ ಎಂದೇ ಬೇಡಿಕೊಂಡೆ. ಅಂಥದ್ದೊಂದನ್ನು ಬೇಡಿಕೊಳ್ಳಬೇಕಾದ ಸ್ಥಿತಿಗೆ ಮಗುವೊಂದನ್ನು ತಂದು ನಿಲ್ಲಿಸಿದ ಊರಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಬಳಸುದಾರಿ ಬಿಟ್ಟರೆ ಬೇಗ ಮುಟ್ಟುತ್ತೇವೆಂದು ಹಮೀದಣ್ಣ ಒಂದು ದೊಡ್ಡ ಎಸ್ಟೇಟಿನ ಒಳಗಿಂದ ಹೋಗುವ ದಾರಿಗೆ ತಿರುಗಿಸಿದರು. ಹಿಂದಿನಿಂದಲೂ ಊರವರೆಲ್ಲ ನಡೆದಾಡುತ್ತಿದ್ದ ದಾರಿ ಅದು. ಕುಯ್ಲು ಬಂತೆಂದರೆ ಹಣ್ಣು ಕಳುವಾಗುತ್ತದೆಂದು ಎಸ್ಟೇಟಿನವರು ಅದಕ್ಕೆ ಗೇಟು ಹಾಕಿ ಬೀಗ ಜಡಿಯುತ್ತಿದ್ದರು. ಊರಿನ ದಾರಿಗೆ ಒಬ್ಬರ ಬೀಗ! ಎಸ್ಟೇಟಿನ ಲೆಕ್ಕ ನೋಡುವ ರೈಟರು ನೇಮಿಸಿದ ಕಾವಲಿನವನು, ಮಳೆಗೆ ಎಲೆಯ ಗೊರಬೆ ಹೊದ್ದು, ಗೇಟಿನ ಆಚೆ ನಿಂತಿದ್ದ.

"ರೈಟ್ರು ಹೇಳ್ದೆ ತೆಗೆಯಂಗಿಲ್ಲ. ಹಿಂದೆ ಎಂತ ಉಂಟು? ಚೀಲ ಗೀಲ?"

"ಚೀಲ ಅಲ್ಲ ಮಾರಾಯ, ಹುಡುಗಿ. ಆಸ್ಪತ್ರೆಗೆ."

"ಮೊನ್ನೆನೂ ಹಿಂಗೇ ಬಸುರಿ ಅಂತ ಹೇಳಿ ಎರಡು ಚೀಲ ದಾಟಿಸಿದ್ರು. ನನ್ನ ಕೆಲ್ಸ ಹೋದ್ರೆ ನೀನು ಕೊಡ್ತೀಯಾ?"

"ಬಂದು ನೋಡು ಬಾ. ಬೀಗದ ಕೈ ಕೊಡೋದು ಬೇಡ, ಕಣ್ಣಲ್ಲಿ ನೋಡು."

ಅವನು ಗೇಟಿನ ಸಂದಿನಿಂದ ನುಸುಳಿ ಬಂದು ಜೀಪಿನೊಳಗೆ ಬಗ್ಗಿದ. ಸೀಟಿನ ಕೆಳಗೆ ಕೈಯಾಡಿಸಿದ. ಆಮೇಲೆ ಅಕ್ಕನ ಮುಖ ನೋಡಿದ. ಅವಳು ದುಪಟ್ಟಾ ಸರಿಸಿ ಕುತ್ತಿಗೆ ತೋರಿಸಿದಳು. ಅಲ್ಲಿ ಚರ್ಮದ ಕೆಳಗೆ ಕಪ್ಪೆಯ ಗಂಟಲಿನಂತೆ ಬಡಿಯುತ್ತಿತ್ತು.

"ಅಯ್ಯೋ ತಾಯಿ" ಎಂದು ಅವನು ಹಿಂದಕ್ಕೆ ಸರಿದ. ಗೇಟು ತೆಗೆಯುತ್ತ, "ರೈಟ್ರು ಕೇಳಿದ್ರೆ ನೀನೇ ಮುರ್ಕೊಂಡು ಹೋದೆ ಅಂತೀನಿ ಸಾಬ್ರೇ" ಎಂದ.

"ಹಂಗೇ ಹೇಳು. ಸಾಬ ಮುರಿದ ಅಂದ್ರೆ ಎಲ್ರೂ ನಂಬ್ತಾರೆ" ಎಂದು ಹಮೀದಣ್ಣ ನಗುತ್ತಲೇ ಗೇರು ಹಾಕಿದರು. ಆ ನಗೆಯೊಳಗಿದ್ದ ನೋವು ಅರ್ಥವಾಗಲು ನಾನು ದೊಡ್ಡವಳಾಗಬೇಕಾಯಿತು.

ಡಾಂಬರು ರಸ್ತೆ ಸಿಕ್ಕಿದ ಮೇಲೆ ಅಕ್ಕ ಕಣ್ಣು ಮುಚ್ಚಿದಳು. ತುಟಿ ನೀಲಿಗಟ್ಟಿತ್ತು. "ಇನ್ನೂ ಉಂಟಾ?" ಎಂದು ಕೇಳಿದಳು. "ಉಂಟು" ಎಂದೆ. ಅವ್ವ ಮೌನವಾಗಿ ಅಳುತ್ತಿದ್ದಳು. ಮತ್ತೆ ಸ್ವಲ್ಪ ದೂರ ಹೋಗಿ, "ಇನ್ನೂ ಉಂಟಾ?" "ಉಂಟಕ್ಕಾ." ಪೇಟೆಯ ಅಂಗಡಿಗಳು ಕಾಣುವವರೆಗೂ ನಮ್ಮ ನಡುವೆ ಇದ್ದದ್ದು ಅದೊಂದೇ ಮಾತು.

ಆಸ್ಪತ್ರೆಯಲ್ಲಿದ್ದವರು ಹೊಸದಾಗಿ ಬಂದಿದ್ದ ಒಬ್ಬ ಹೆಣ್ಣು ಡಾಕ್ಟರು. ಅಕ್ಕ ಅವರ ಮುಂದೆ ನಿಂತು, ನಮಸ್ಕಾರವನ್ನೂ ಹೇಳದೆ, "ಮೇಡಂ, ಎದೆ ಓಡ್ತಾ ಉಂಟು, ಈಗಲೇ ನೋಡಿ, ಆಮೇಲೆ ನಿಂತುಬಿಡ್ತದೆ" ಎಂದಳು. ಆ ಡಾಕ್ಟರು ನಗಲಿಲ್ಲ. ನಾಡಿ ಹಿಡಿದರು, ಹುಬ್ಬು ಗಂಟಿಕ್ಕಿದರು, ನರ್ಸನ್ನು ಕೂಗಿದರು. ಅಕ್ಕನನ್ನು ಮಲಗಿಸಿ ಎದೆಗೆ, ಕೈಕಾಲಿಗೆ ವಯರು ಅಂಟಿಸಿದರು. ಯಂತ್ರ ಕರಕರ ಎನ್ನುತ್ತ ಕಾಗದ ಉಗುಳಿತು. ಒತ್ತೊತ್ತಾಗಿ ನಿಂತ ಮೊನೆಗಳು, ನಡುವೆ ಉಸಿರಾಡಲೂ ಜಾಗವಿಲ್ಲ.

"ಸಿಕ್ತು" ಎಂದರು ಡಾಕ್ಟರು.

ಅಕ್ಕ ಮಲಗಿದಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಅವಳು ಭಯದಿಂದ ಅಳುತ್ತಿದ್ದಾಳೆಂದು ನರ್ಸು ಸಮಾಧಾನ ಮಾಡತೊಡಗಿದರು. ಅದು ಭಯವಲ್ಲವೆಂದು ನನಗೆ ಗೊತ್ತಿತ್ತು.

ಉಸಿರು ಬಿಗಿಹಿಡಿದು ತಿಣುಕಲು ಹೇಳಿದರು, ಐಸಿನ ಬಟ್ಟೆಯನ್ನು ಮುಖಕ್ಕೆ ಒತ್ತಿದರು, ನಿಲ್ಲಲಿಲ್ಲ. ಕೊನೆಗೆ ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟರು. ಅಕ್ಕನ ಮುಖ ಒಮ್ಮೆ ಕೆಂಪಾಯಿತು, ಕಣ್ಣು ಅಗಲವಾಯಿತು, ಯಂತ್ರ ಒಂದು ಗಳಿಗೆ ಬರೀ ಗೆರೆ ಎಳೆಯಿತು. ಅವ್ವ ಚೀರಿದಳು. ಆಮೇಲೆ ಒಂದು ಮೊನೆ, ಸ್ವಲ್ಪ ಜಾಗ, ಮತ್ತೊಂದು ಮೊನೆ.

"ಇದಕ್ಕೆ ಟಾಕಿಕಾರ್ಡಿಯಾ ಅಂತಾರೆ" ಎಂದರು ಡಾಕ್ಟರು.

"ಹಂಗಂದ್ರೆ ಎಂತ ಮೇಡಂ?" ಎಂದು ಅಕ್ಕ ಕೇಳಿದಳು. ಕಾಲೇಜು ಬಿಡಿಸಿದರೂ ಕೇಳುವುದನ್ನು ಅವಳು ಬಿಟ್ಟಿರಲಿಲ್ಲ.

"ಗ್ರೀಕ್ ಭಾಷೆಯದ್ದು. ಟಾಕಿಸ್ ಅಂದ್ರೆ ವೇಗ, ಕಾರ್ಡಿಯಾ ಅಂದ್ರೆ ಹೃದಯ. ಎರಡನ್ನೂ ಸೇರಿಸಿದ್ದಾರೆ. ಓಡೋ ಎದೆ, ಅಷ್ಟೇ."

ಅಕ್ಕ ಮೊಣಕೈಯೂರಿ ಎದ್ದು ಕೂತಳು. "ನಾನೂ ಅದನ್ನೇ ಅಲ್ವಾ ಮೇಡಂ ಹೇಳ್ತಾ ಬಂದಿದ್ದು?"

"ಹೌದು, ಸರಿಯಾಗೇ ಹೇಳಿದ್ದೀಯ. ಓಡ್ತದೆ ಅನ್ನೋದಷ್ಟೇ ಈ ಹೆಸರು. ಯಾಕೆ ಓಡ್ತದೆ ಅಂತ ಹುಡುಕೋದು ನಮ್ಮ ಕೆಲಸ."

ಅಷ್ಟರಲ್ಲಿ ಅಪ್ಪ ಮೈಯೆಲ್ಲ ತೊಯ್ದುಕೊಂಡು ಬಂದರು. ಮಗಳು ಎದ್ದು ಕೂತಿದ್ದನ್ನು ನೋಡಿ ಬಾಗಿಲಲ್ಲೇ ಕೈಮುಗಿದರು. ಡಾಕ್ಟರು ವಿವರಿಸಿದರು. ಹೃದಯದಲ್ಲಿ ವಿದ್ಯುತ್ತು ಹರಿಯುವ ದಾರಿಯ ಪಕ್ಕದಲ್ಲಿ ಇನ್ನೊಂದು ಕಳ್ಳದಾರಿಯಿದ್ದರೆ ಅದು ಸುತ್ತು ಹೊಡೆದು ಹೀಗಾಗುತ್ತದೆ. ಮಂಗಳೂರಿನಲ್ಲಿ ಆ ದಾರಿಯನ್ನು ಮುಚ್ಚುತ್ತಾರೆ. ತಣ್ಣೀರಿನ ಬಗ್ಗೆ ಅವ್ವ ಕೇಳಿದ್ದಕ್ಕೆ, "ಅಜ್ಜಿಯ ನೀರು ತಪ್ಪಲ್ಲ, ಕೆಲವೊಮ್ಮೆ ನಿಲ್ಲಿಸ್ತದೆ. ಆದ್ರೆ ಅದು ನಿಲ್ಲಿಸಿದ್ದು ಹೆದರಿಕೆಯನ್ನಲ್ಲ. ಎದೆ ಓಡುವಾಗ ಕಡು ಕಾಫಿ ಮಾತ್ರ ಬೇಡ" ಎಂದರು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಸ್ವರ ತಗ್ಗಿಸಿ, "ಮೇಡಂ, ಎದೆದು ಅಂತ ಹೊರಗೆ ಬರೋದು ಬೇಡ. ಗಾಬರಿ ಅಂತಲೇ ಇರ್ಲಿ. ಮದುವೆ ಆಗಬೇಕಾದ ಹುಡುಗಿ" ಎಂದರು.

"ಗಾಬರಿಗೆ ನಾನು ಇಂಜೆಕ್ಷನ್ ಕೊಟ್ಟಿಲ್ಲ ಯಜಮಾನ್ರೇ."

"ಕಳ್ಸದೋರಿಗೆ ಗೊತ್ತಾದ್ರೆ..."

"ನಾನೇ ಹೇಳ್ತೀನಪ್ಪ" ಎಂದಳು ಅಕ್ಕ. "ಗೊತ್ತಾಗ್ಲಿ."

ಹೇಳಿದಳು. ಅವರು ಬರಲಿಲ್ಲ. ಆ ಬೇಸಿಗೆಯಲ್ಲೇ ಮಂಗಳೂರಿನಲ್ಲಿ ಅವಳಿಗೆ ಚಿಕಿತ್ಸೆಯಾಯಿತು, ಎದೆ ಮತ್ತೆಂದೂ ಓಡಲಿಲ್ಲ. ಅಪ್ಪ ಅನಂತರ ಬಂದವರಿಗೆಲ್ಲ ಆ ಗ್ರೀಕ್ ಹೆಸರನ್ನು ಒಂದು ಅಕ್ಷರವೂ ತಪ್ಪದೆ ಹೇಳುತ್ತಿದ್ದರು. ಕೇಳಿದವರು "ಹೌದಾ, ಪಾಪ" ಎಂದು ತಲೆದೂಗುತ್ತಿದ್ದರು. ಅದನ್ನೇ ಮಗಳು ಕನ್ನಡದಲ್ಲಿ ಹೇಳಿದ್ದಾಗ ಅದೇ ಜನ ಮುಸಿಮುಸಿ ನಕ್ಕಿದ್ದರು.

ಮುಂದೆ ನಾನು ಆ ಪದದ ಹಿಂದೆ ಹೋದೆ. ಅದು ಪ್ರಾಚೀನ ಗ್ರೀಸಿನಿಂದ ಹಾಗೆಯೇ ಇಳಿದು ಬಂದದ್ದೇನಲ್ಲ. ಬಹಳ ಈಚೆಗೆ ಯುರೋಪಿನ ವೈದ್ಯರು ಎರಡು ಹಳೆಯ ಮಾತುಗಳನ್ನು ಜೋಡಿಸಿ ಕಟ್ಟಿಕೊಂಡದ್ದು. ಕಾರ್ಡಿಯಾ ಮತ್ತು ನಮ್ಮ ಹೃದಯ ಒಂದೇ ಬೇರಿನಿಂದ ಒಡೆದ ಮಾತುಗಳೆಂದು ಭಾಷೆಯನ್ನು ಬಲ್ಲವರು ಹೇಳುತ್ತಾರೆ. ಗುಟ್ಟೇನೂ ಇಲ್ಲದ, ಯಾರ ಮನೆಯ ಜಗಲಿಯಲ್ಲಾದರೂ ಆಡಬಹುದಾದ ಮಾತು. ಹಳ್ಳಿಗಳ ಆಸ್ಪತ್ರೆಗಳಿಗಾಗಿ, ರಸ್ತೆಗಳಿಗಾಗಿ ಸಭೆಗಳಲ್ಲಿ ಮಾತನಾಡುವಾಗೆಲ್ಲ ನಾನು ಇದನ್ನು ಹೇಳುತ್ತೇನೆ. ರೋಗಿಯ ಮಾತನ್ನು ಪರಭಾಷೆಗೆ ತಿರುಗಿಸಿದ ಮೇಲಷ್ಟೇ ನಂಬುವುದು ಅನ್ಯಾಯ ಎನ್ನುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ.

ಈಗ ನಮ್ಮೂರಿಗೆ ಡಾಂಬರು ಬಂದಿದೆ. ಕರೆದರೆ ಆಂಬುಲೆನ್ಸ್ ಬರುತ್ತದೆ, ಎಲ್ಲ ಸಲವೂ ಅಲ್ಲದಿದ್ದರೂ. ಆ ಗೇಟನ್ನು ಊರವರು ಸೇರಿ ತೆಗೆಸಿದ್ದೇವೆ. ಅಕ್ಕ ಬಾಳೂರಿನ ಹತ್ತಿರ ಗಂಡನ ಮನೆಯಲ್ಲಿದ್ದಾಳೆ. ಒಳ್ಳೆಯ ಮನುಷ್ಯ, ಅವಳ ಮಾತಿಗೆ ಎದುರಾಡುವವನಲ್ಲ. ಡಿಗ್ರಿ ಮಾತ್ರ ಮತ್ತೆ ಕೈಗೆ ಬರಲಿಲ್ಲ. ಕಳೆದುಕೊಂಡದ್ದು ಅದೊಂದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಹೋದ ಕುಯ್ಲಿನಲ್ಲಿ ಅವಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ತೋಟದಲ್ಲಿ ಏಣಿಯಿಂದ ಜಾರಿದ್ದಳಂತೆ. ಯಾರಿಗೂ ಹೇಳದೆ, ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಒಬ್ಬಳೇ ಬಸ್ಸು ಹತ್ತಿ ಪೇಟೆಗೆ ಹೋಗಿದ್ದಳು. ನಾವೆಲ್ಲ ಜಗಲಿಯಲ್ಲಿ ಕೂತು ಹರಟುತ್ತಿದ್ದಾಗ ಬಂದಳು. ಪಟ್ಟಿ ಕಟ್ಟಿದ ಕೈ ಊದಿಕೊಂಡಿತ್ತು, ಮುಖದಲ್ಲಿ ಬೆವರಿತ್ತು. "ಏನಾಯ್ತಕ್ಕಾ?" ಎಂದು ನಾನು ಎದ್ದು ನಿಂತರೂ ಅವಳು ಬಾಯಿ ಬಿಡಲಿಲ್ಲ. ಬಲಗೈಯಿಂದ ಎಕ್ಸ್‌ರೇಯನ್ನು ಲಕೋಟೆಯಿಂದ ಎಳೆದು, ಬಾಗಿಲಿನ ಬೆಳಕಿಗೆ ಹಿಡಿದು, ಮುರಿದ ಎಲುಬನ್ನು ಗಂಡನಿಗೆ, ಮಕ್ಕಳಿಗೆ, ನನಗೆ ಒಬ್ಬೊಬ್ಬರಿಗೂ ತೋರಿಸಿದಳು. ಎಲ್ಲರೂ ನೋಡಿ ಆಯಿತೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕೂತು, "ತುಂಬಾ ನೋಯ್ತದೆ ಕಣೇ" ಎಂದಳು.